ಪತ್ರಿ ಗಿಡದ ಪಥ್ಯ

ನಮ್ಮ ಯಜಮಾನರು ಮಹಾಂತಯ್ಯನವರು ಕಾಲನಿಯ ಸುಧಾರಣಾ ಸಮಿತಿಗೆ ಅವಿರೋಧವಾಗಿ ಅಧ್ಯಕ್ಷರಾದರು. ವಿರೋಧಿಸುವುದಕ್ಕೆ ಆ ಸಭೆಗೆ ಯಾರೂ ಬಂದಿರಲಿಲ್ಲ. ನಮ್ಮದೇ ಪಡಸಾಲೆಯಲ್ಲಿ ಸೇರಿದವರು ಮೂವರು. ಇವರು, ಪಕ್ಕದ ಮನೆಯ ನಿವೃತ್ತ ಶಿಕ್ಷಕರು ರಮಾಕಾಂತ ಮಾಸ್ತರು, ಎದುರು ಮನೆಯ ಕುಮಾರಸ್ವಾಮಿಯವರು. ಕುಮಾರಸ್ವಾಮಿಯವರಿಗೆ ಹುಬ್ಬಳ್ಳಿಯಲ್ಲಿ ಹತ್ತಿ ಮತ್ತು ಕಾಳಿನ ದೊಡ್ಡ ವ್ಯಾಪಾರ, ಮನೆಯಲ್ಲಿ ಎರಡು ಕಾರು, ಕಾರು ನಿಲ್ಲಿಸಲು ಮಾತ್ರ ಜಾಗವಿಲ್ಲ. ಮಾಸ್ತರು ಇವರ ಹೆಸರು ಸೂಚಿಸಿದರು, ಕುಮಾರಸ್ವಾಮಿ ಅನುಮೋದಿಸಿದರು, ಇವರು ತಲೆ ತಗ್ಗಿಸಿ, "ನಿಮ್ಮ ಒತ್ತಾಯಕ್ಕ ಇಲ್ಲ ಅನ್ನಾಕ ಆಗವಲ್ದು ನೋಡ್ರಿ" ಎಂದರು. ಒತ್ತಾಯ ಮುಗಿಯುವ ಮೊದಲೇ ಜೇಬಿನಿಂದ ಭಾಷಣದ ಹಾಳೆ ಹೊರಗೆ ಬಂತು. ಹಿಂದಿನ ದಿನ ಅಂಗಿ ಇಸ್ತ್ರಿ ಮಾಡುವಾಗ ಆ ಹಾಳೆಯನ್ನು ತೆಗೆದಿಟ್ಟು, ಮತ್ತೆ ಜೇಬಿಗೆ ಹಾಕಿದವಳು ನಾನೇ.

ಅಧ್ಯಕ್ಷರಿಗೆ ಕೆಲಸವೊಂದು ಬೇಕಿತ್ತು. ಅದೃಷ್ಟಕ್ಕೆ, ಬೇರೆಯವರು ಮಾಡಿ ಮುಗಿಸುತ್ತಿದ್ದ ಕೆಲಸವೊಂದು ಹತ್ತಿರದಲ್ಲೇ ಇತ್ತು.

ನಮ್ಮ ಕಾಲನಿ ಧಾರವಾಡದಿಂದ ಕೆಲಗೇರಿ ಕೆರೆಯ ಕಡೆ ಹೋಗುವ ರಸ್ತೆಗೆ ಹೊಂದಿಕೊಂಡಿದೆ. ರಸ್ತೆಗೂ ಗಟಾರಕ್ಕೂ ನಡುವೆ ಉದ್ದನೆಯದೊಂದು ಖಾಲಿ ಪಟ್ಟಿ. ಮಾಸ್ತರರ ಮೊಮ್ಮಗಳು ಇಂದು, ಇಪ್ಪತ್ತು ವರ್ಷದವಳು, ಕೃಷಿ ಪದವಿ ಓದುತ್ತಾಳೆ. ಅವಳೂ ಕಾಲನಿಯ ಇನ್ನು ಹನ್ನೊಂದು ಹುಡುಗ ಹುಡುಗಿಯರೂ ಸೇರಿ ಅಲ್ಲಿಯ ಕಸ ತೆಗೆದು, ಗಾಜಿನ ಚೂರು ಆರಿಸಿ, ಪಾಲಿಕೆಗೆ ಮೂರು ಸಲ ಹೋಗಿ, ತೋಟದ ವಿಭಾಗದ ಸಾಹೇಬರಾದ ಫಕೀರಪ್ಪನವರಿಂದ ಒಂದು ಮಾತು ತಂದಿದ್ದರು. ಇಪ್ಪತ್ತು ಗಿಡ ಹಚ್ಚಬೇಕು. ದೀಪಾವಳಿಗೆ ಸಾಹೇಬರು ಬಂದು ನೋಡುತ್ತಾರೆ. ಹದಿನೈದಾದರೂ ಹಸಿರಾಗಿದ್ದರೆ ಪಟ್ಟಿ ಗಿಡಗಳಿಗೆ. ಇಲ್ಲದಿದ್ದರೆ ಫರಸಿ ಕಲ್ಲು ಹಾಸಿ ಕಾರು ನಿಲ್ಲಿಸುವುದಕ್ಕೆ. ಆ ಅರ್ಜಿ ಕುಮಾರಸ್ವಾಮಿಯವರಿಂದ ಮೊದಲೇ ಹೋಗಿತ್ತು.

ಇದು ಇವರ ಕಿವಿಗೆ ಬಿತ್ತು. "ಹುಡುಗರ ಕಡೆ ಶಕ್ತಿ ಐತಿ, ದಿಕ್ಕಿಲ್ಲ," ಎಂದರು. "ದಿಕ್ಕು ನಾವು ಕೊಡಬೇಕು." ಮರುದಿನವೇ ದಿಕ್ಕು ಕೊಡಲು ಸಭೆ ಕರೆದರು. ಚಹಾ ನಾನು ಮಾಡಿದೆ.

"ಹೊಂಗಿ ಹಚ್ಚೋಣ್ರಿ ಕಾಕಾ," ಎಂದಳು ಇಂದು. "ಲಗೂ ನೆರಳು ಕೊಡತದ, ಆಡು ಬಾಯಿ ಹಾಕಂಗಿಲ್ಲ."

ಇವರು ಕಣ್ಣು ಮುಚ್ಚಿ ನಕ್ಕರು. ಇವರು ಹೀಗೆ ನಕ್ಕರೆ ಯಾರಿಗೋ ಕೇಡು ಕಾದಿದೆ ಎಂದೇ ಅರ್ಥ.

"ತಂಗಿ, ಹೊಂಗಿ ಕಡೀತಾರ. ಬೇವು ಕಡೀತಾರ. ಕರೆಂಟಿನವರು ಕಡೀತಾರ, ಕೇಬಲ್ಲಿನವರು ಕಡೀತಾರ. ಯಾರೂ ಇಲ್ಲಂದ್ರ ನಮ್ಮ ಬೋರ್ಡ ಕಾಣವಲ್ದು ಅಂತ ಅಂಗಡಿಯವರು ಕಡೀತಾರ. ಈ ಧಾರವಾಡದಾಗ ಯಾರಾದ್ರೂ ಪತ್ರಿ ಗಿಡ ಕಡದದ್ದು ನೋಡೀಯೇನು? ಶಿವನ ಗಿಡ ಅದು. ಕೈ ಮುಗದು ಹೋಗ್ತಾರ. ಇಪ್ಪತ್ತೂ ಪತ್ರಿ ಹಚ್ಚೋಣು. ಕಾವಲು ಬ್ಯಾಡ, ಕಟಕಟಿ ಬ್ಯಾಡ."

ಬಿಲ್ವಕ್ಕೆ ನಮ್ಮ ಕಡೆ ಪತ್ರಿ ಎನ್ನುತ್ತಾರೆ. ಪೂಜೆಯಿರುವ ಪ್ರತಿ ಮನೆಗೂ ಅದು ಬೇಕು, ಅದರಲ್ಲೂ ಶ್ರಾವಣದಲ್ಲಿ.

"ಕಡಿಯೂದಿಲ್ಲ ಖರೇ," ಎಂದಳು ಇಂದು, "ಆದರ ಹರೀತಾರಲ್ರಿ?"

"ಒಂದೆರಡು ಎಲಿ ಹರದ್ರ ಗಿಡಕ್ಕೇನು ಆಗತೈತಿ?"

"ಭೇಷ್," ಎಂದರು ಮಾಸ್ತರು. "ಭಕ್ತಿಯಿಂದ ಪರಿಸರ. ಭಾಳ ದೊಡ್ಡ ವಿಚಾರ ಅದ ಇದು, ಮಹಾಂತಯ್ಯನವರ." ಕುಮಾರಸ್ವಾಮಿಯವರೂ ತಲೆಯಾಡಿಸಿದರು. ಅವರ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಪರಿಸರ ದಿನದಂದು ಗಿಡ ಹಚ್ಚುವ ಸಮಾರಂಭ ನಡೆಯಿತು. ಇಪ್ಪತ್ತು ಗುಂಡಿಗಳನ್ನು ಹುಡುಗರು ಮೂರು ದಿನ ಮೊದಲೇ ತೋಡಿದ್ದರು. ಗೊಬ್ಬರ ಹೊತ್ತು ತಂದವರು ಹುಡುಗರು, ಸಸಿ ತಂದವರು ಹುಡುಗರು, ಆಸರೆಗೆ ಬಿದಿರು ಸೀಳಿ ತಂದವರು ಹುಡುಗರು. ಹಿರಿಯರು ಬ್ಯಾನರ್ ತಂದರು. ಅದರಲ್ಲಿ ನಮ್ಮವರ ಮುಖ ರೊಟ್ಟಿಯ ಹಂಚಿನಷ್ಟು ದೊಡ್ಡದಿತ್ತು, ಮಾಸ್ತರು ಮತ್ತು ಕುಮಾರಸ್ವಾಮಿಯವರ ಮುಖ ಅದಕ್ಕಿಂತ ಒಂದು ಬೆರಳು ಕಡಿಮೆ. ತೀರ ಕೆಳಗೆ, 'ಯುವಶಕ್ತಿ' ಎಂಬ ಅಕ್ಷರಗಳ ಅಡಿಯಲ್ಲಿ, ಹನ್ನೆರಡು ಮಕ್ಕಳ ಮುಖಗಳು ಹುರುಳಿ ಕಾಳು ಚೆಲ್ಲಿದಂತೆ ಇದ್ದವು. ಬ್ಯಾನರ್ ಕಟ್ಟಲು ಕೋಲು ಸಾಲದೆ ಎರಡು ಸಸಿಗಳ ಆಸರೆ ಕಿತ್ತುಕೊಂಡರು.

ಇವರು ಒಂದು ಗಂಟೆ ಮಾತಾಡಿದರು. ಸಸಿಗಳು ಬಿಸಿಲಲ್ಲಿ ಬಾಡುತ್ತಿದ್ದವು.

"ಯುವಕರೇ, ನೀವು ಬೇರು, ನಾವು ಕೊಂಬೆ!" ಎಂದು ಮುಗಿಸಿದರು.

ಮುಂದಿನ ಸಾಲಿನಲ್ಲಿ ಮಣ್ಣುಗೈಯಲ್ಲಿ ನಿಂತಿದ್ದ ಇಂದು ಬಹಳ ವಿನಯದಿಂದ ಕೇಳಿದಳು: "ಹಂಗಾರ ಹಣ್ಣು ನಿಮಗ, ಮಣ್ಣು ನಮಗ, ಹೌದಲ್ರಿ ಕಾಕಾ?"

ಇವರಿಗೆ ಅದು ಹೊಗಳಿಕೆಯೆಂದು ತೋರಿ, "ಶಾಣ್ಯಾಕಿ!" ಎಂದು ಚಪ್ಪಾಳೆ ತಟ್ಟಿಸಿದರು.

ಜೂನ್ ಕಳೆಯಿತು, ಜುಲೈ ಕಳೆಯಿತು. ಹುಡುಗರು ಪಾಳಿ ಹಾಕಿಕೊಂಡು ಕಳೆ ಕಿತ್ತರು, ಆಡುಗಳನ್ನು ಅಟ್ಟಿದರು, ಗಾಳಿಗೆ ಬಾಗಿದ ಸಸಿಗಳನ್ನು ಎತ್ತಿ ಕಟ್ಟಿದರು. ಇಪ್ಪತ್ತಕ್ಕೆ ಇಪ್ಪತ್ತೂ ಚಿಗುರಿದವು. ನಮ್ಮವರು ದಿನಾ ಬೆಳಿಗ್ಗೆ ವಾಕಿಂಗ್ ಹೋಗುವಾಗ ಆ ಸಾಲನ್ನು ಪೊಲೀಸ್ ಕವಾಯತು ನೋಡುವ ಮಂತ್ರಿಗಳ ಹಾಗೆ ನೋಡುತ್ತ ನಡೆಯುತ್ತಿದ್ದರು.

ಆಮೇಲೆ ಶ್ರಾವಣ ಬಂತು.

ಮೊದಲ ಸೋಮವಾರ ಪಕ್ಕದ ಓಣಿಯ ಶಿವಬಸವ್ವ ಬಂದಳು. ಎಪ್ಪತ್ತೈದು ದಾಟಿದ ಮುದುಕಿ, ಕೋಲೂರಿಕೊಂಡು ಬಂದು, ಗಿಡಕ್ಕೆ ಕೈ ಮುಗಿದು, ಮೂರೇ ಎಲೆ ಹರಿದು, ಗಿಡದ ಬುಡಕ್ಕೆ ತಂಬಿಗೆಯ ನೀರು ಹಾಕಿ ಹೋದಳು. ಅವಳು ಹೋದ ಮೇಲೆ ಉಳಿದವರು ಬಂದರು. ಅವರು ತಂಬಿಗೆ ತಂದಿರಲಿಲ್ಲ, ಚೀಲ ತಂದಿದ್ದರು. ನಮ್ಮ ಅಡುಗೆಮನೆಯ ಕಿಟಕಿ ಆ ಪಟ್ಟಿಯ ಕಡೆಗೇ ತೆರೆದುಕೊಳ್ಳುತ್ತದೆ. ನಸುಕಿನಿಂದ ಎಂಟು ಗಂಟೆಯವರೆಗೆ ಯಾರು, ಯಾವ ಗಿಡ, ಎಷ್ಟು ಎಲೆ, ಎಲ್ಲವೂ ನನಗೆ ಕಾಣುತ್ತದೆ. ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ ಕೈ ಹಾಕುತ್ತಿದ್ದರು. ಮೇಲೆ ನೋಡಿದವರು ಒಬ್ಬರೂ ಇಲ್ಲ. ದೇವರ ಗಿಡವಲ್ಲವೇ, ಅವನ ಅನುಮತಿ ಇದ್ದೇ ಇರುತ್ತದೆ.

ಮಾಸ್ತರು ಪುಸ್ತಕದಲ್ಲಿ ಒತ್ತಿಟ್ಟುಕೊಂಡು ಒಯ್ಯುತ್ತಿದ್ದರು. ಕುಮಾರಸ್ವಾಮಿಯವರು ಮನೆಯಲ್ಲಿ ಲಕ್ಷ ಪತ್ರಿ ಪೂಜೆಯ ಸಂಕಲ್ಪ ಮಾಡಿಬಿಟ್ಟಿದ್ದರು. ಹದಿನೈದು ವರ್ಷದಿಂದ ಎದುರು ಮನೆಯಲ್ಲಿರುವ ನಾನು ಅವರ ಮನೆಯ ಗಂಟೆಯ ಸದ್ದು ಕೇಳಿದ್ದು ಆ ಶ್ರಾವಣದಲ್ಲೇ ಮೊದಲು. ಒಂದೇ ಎಲೆಯಿಂದ ಪುಣ್ಯವೂ ಬರುವಂತಿತ್ತು, ಕಾರು ನಿಲ್ಲಿಸಲು ಜಾಗವೂ ಬರುವಂತಿತ್ತು.

ಇನ್ನು ನಮ್ಮವರು. ಇವರಿಗೆ ಆರು ವರ್ಷದಿಂದ ಸಕ್ಕರೆ ಕಾಯಿಲೆ. ಬರಿಹೊಟ್ಟೆಯಲ್ಲಿ ಐದು ಪತ್ರಿ ಎಲೆ ಅಗಿದರೆ ಸಕ್ಕರೆ ಇಳಿಯುತ್ತದೆಂದು ಇವರ ಮೊಬೈಲಿಗೆ ಯಾರೋ ಕಳಿಸಿದ್ದರು. ಮೊಬೈಲಿಗೆ ಬಂದದ್ದನ್ನು ಇವರು ವಚನಕ್ಕಿಂತ ಹೆಚ್ಚು ನಂಬುತ್ತಾರೆ. ಹೀಗಾಗಿ ದಿನಾ ಐದು ಎಲೆ, ಪೂಜೆಗೆ ಹನ್ನೊಂದು. ಎಲೆ ತಿಂದ ಧೈರ್ಯದ ಮೇಲೆ ಗುಳಿಗೆ ಅರ್ಧ ಮಾಡಿದರು. ಅರ್ಧ ಮಾಡಿದ ಸಂತೋಷಕ್ಕೆ ಸಂಜೆ ಎರಡು ಫೇಡೆ.

"ಹುಡುಗರ ಗಿಡಾ ಅವು. ಬ್ಯಾಡ್ರಿ," ಎಂದೆ ಒಂದು ದಿನ.

"ನಾ ಅಧ್ಯಕ್ಷ ಅದೇನಿ," ಎಂದರು. "ಅಧ್ಯಕ್ಷ ಹರದ್ರ ಅದಕ್ಕ ಹರಿಯೂದು ಅನ್ನಂಗಿಲ್ಲ. ಪರಿಶೀಲನೆ ಅಂತಾರ."

ಶ್ರಾವಣ ಮುಗಿಯುವ ಹೊತ್ತಿಗೆ ಪರಿಶೀಲನೆ ಪೂರ್ತಿಯಾಗಿತ್ತು. ಇಪ್ಪತ್ತು ಪತ್ರಿ ಗಿಡಗಳು ಇಪ್ಪತ್ತು ಮುಳ್ಳಿನ ಕಡ್ಡಿಗಳಾಗಿದ್ದವು. ತುದಿಯಲ್ಲಿ ನಾಲ್ಕಾರು ಎಲೆ, ಅವುಗಳ ಮೇಲೂ ಬೂದಿ ಬಳಿದಂತೆ ರೋಗ. ಇಂದು ಮತ್ತು ಅವಳ ಗೆಳೆಯರು ಸಂಜೆ ಆ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ದೀಪಾವಳಿಗೆ ಎರಡು ತಿಂಗಳಿತ್ತು.

ಅಧ್ಯಕ್ಷರು ತುರ್ತು ಸಭೆ ಕರೆದರು. ವಿಷಯ: ಯುವಕರ ಬೇಜವಾಬ್ದಾರಿ.

"ಎಲಿ ಯಾಕ ಇಲ್ಲ?" ಇವರು ಪಡಸಾಲೆಯಲ್ಲಿ ಗುಡುಗಿದರು. "ನಾನು ಖುದ್ದ ದಿನಾ ನೋಡೇನಿ. ದಿನದಿಂದ ದಿನಕ್ಕ ಕಡಿಮಿ ಆಗ್ಯಾವ."

"ನೀವು ದಿನಾ ನೋಡೀರಿ ಅನ್ನೂದು ನಮಗೂ ಗೊತ್ತದರಿ ಕಾಕಾ," ಎಂದಳು ಇಂದು.

"ಹವಾಮಾನ ಬದಲಾವಣಿ," ಎಂದರು ಮಾಸ್ತರು, ಮೊಮ್ಮಗಳ ಕಡೆ ನೋಡದೆ.

"ಮಣ್ಣಾಗ ಕಸು ಇಲ್ಲ," ಎಂದರು ಕುಮಾರಸ್ವಾಮಿ. "ನಾ ಮೊದಲಽ ಹೇಳಿದ್ನಿ. ಈ ಜಾಗಾಕ್ಕ ಫರಸೀನಽ ಛಲೋ."

"ನೀರು ಹಾಕಿಲ್ಲ!" ಎಂದು ಇವರು ತೀರ್ಪು ಕೊಟ್ಟರು.

"ಕಾಕಾ, ತಿಂಗಳಾತು ಜಿಟಿಜಿಟಿ ಮಳಿ ನಿಂತೇ ಇಲ್ಲ."

"ಮಳಿ ನೀರು ಬ್ಯಾರೆ, ಹಾಕಿದ ನೀರು ಬ್ಯಾರೆ. ಹಾಕಿದ ನೀರಿನ್ಯಾಗ ಅಂತಃಕರಣ ಇರತೈತಿ. ಈಗಿನ ಹುಡುಗರಿಗೆ ಮೊಬೈಲ್ ಬಿಟ್ರ ಬ್ಯಾರೆ ಅಂತಃಕರಣ ಎಲ್ಲಿ ಐತಿ?"

ಇದನ್ನು ಹೇಳುವಾಗ ಇವರ ಅಂಗಿಯ ಜೇಬಿನಿಂದ ಪತ್ರಿಯ ಮೂರೆಲೆಯ ಕುಡಿಯೊಂದು ಹೊರಗೆ ಇಣುಕುತ್ತಿತ್ತು. ಚಹಾದ ತಟ್ಟೆ ಹಿಡಿದು ಬಂದ ನಾನು ಸೆರಗಿನ ಮರೆಯಲ್ಲಿ ಅದನ್ನು ಒಳಗೆ ತುರುಕಿದೆ. ಮೂವತ್ತು ವರ್ಷದ ಸಂಸಾರದಲ್ಲಿ ಇಂಥವು ತಾವಾಗಿಯೇ ಕೈಗೆ ಬರುತ್ತವೆ. ಇಂದು ನೋಡಿದಳು. ನಾನು ನೋಡಿದ್ದನ್ನೂ ನೋಡಿದಳು.

ಯುವಕರನ್ನು ಖಂಡಿಸುವ ಠರಾವು ಸರ್ವಾನುಮತದಿಂದ ಪಾಸಾಯಿತು.

ಮರುದಿನ ಮಧ್ಯಾಹ್ನ ಇವರು ಮಲಗಿದ್ದಾಗ ಇಂದು ಹಿತ್ತಲ ಬಾಗಿಲಿಗೆ ಬಂದಳು.

"ಕಾಕೂ, ಹುಳಿ ಮಜ್ಜಿಗಿ ಅದ ಏನ್ರಿ? ಭಾಳ ಹುಳಿ ಆಗಿರಬೇಕು. ಮೂರು ದಿನದ್ದು."

"ಏನು ಮಾಡ್ತಿ?"

"ಎಲಿಗೆ ಹತ್ತಿದ ಬೂದಿ ರೋಗಕ್ಕ ಅದಕಿಂತ ಛಲೋ ಔಷಧ ಇಲ್ರಿ. ನೀರಾಗ ಕಲಿಸಿ ಸಿಂಪಡಿಸಿದ್ರ ಹೊಸಾ ಚಿಗುರು ಉಳೀತದ. ನಮ್ಮ ಮನ್ಯಾಗ ಕೇಳಿದ್ರ ಅಜ್ಜ ನೂರಾ ಎಂಟು ಪ್ರಶ್ನಿ ಕೇಳ್ತಾನ."

ನಾನು ಒಂದು ಕೊಡದ ತುಂಬ ಮಜ್ಜಿಗೆ ಕೊಟ್ಟೆ. ಹೋಗುವಾಗ ಅವಳು, "ಒಂದು ಬೋರ್ಡನೂ ಹಾಕ್ತೇನ್ರಿ ಕಾಕೂ. ಖರೇ ಇದ್ದದ್ದಷ್ಟೇ ಬರೀತೇನಿ," ಎಂದಳು. ನಾನು ಕೊಡದ ಕಂಠ ಒರೆಸಿಕೊಟ್ಟೆ.

ಅಂದು ಸಂಜೆ ಹನಿ ನಿಂತಿತ್ತು. ಹುಡುಗರು ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಂದರು. ವಾಸನೆಯೇ ಹಾಗಿತ್ತು. ಕೈಪಂಪಿನಿಂದ ಇಪ್ಪತ್ತೂ ಗಿಡಗಳಿಗೆ ಹೊಡೆದರು. ಎಲೆಗಳ ಮೇಲೆ ಬಿಳಿಯ ಕಲೆ ನಿಂತಿತು. ಸಾಲಿನ ಆ ತುದಿಯಲ್ಲಿ, ಕೆರೆಯ ಕಡೆಗೆ ಮುಖ ಮಾಡಿ, ಕೆಂಪು ಅಕ್ಷರದ ಬೋರ್ಡು ನೆಟ್ಟರು: "ಈ ಗಿಡಗಳಿಗೆ ಔಷಧ ಸಿಂಪಡಿಸಲಾಗಿದೆ. ಎಲೆ ಹರಿಯಬೇಡಿ."

ಕೆರೆಗೆ ವಾಕಿಂಗ್ ಹೋಗುವವರಿಗೆ ಆ ಬೋರ್ಡು ಕಾಣುವುದು ತಿರುಗಿ ಬರುವಾಗ. ನಮ್ಮ ಕಾಲನಿಯ ಪದ್ಧತಿ, ಹೋಗುವಾಗಲೇ ಹರಿಯುವುದು.

ಮರುದಿನ ಬೆಳಿಗ್ಗೆ ಏಳಕ್ಕೆ ಇವರು ಓಡಿ ಬಂದರು. ಮದುವೆಯಲ್ಲಿ ಕೂಡ ಇವರು ಓಡಿದ್ದನ್ನು ನಾನು ಕಂಡಿರಲಿಲ್ಲ. ಮೀಸೆಗೆ ಬಿಳಿಯ ಕಲೆ ಹತ್ತಿತ್ತು.

"ನೀರು! ನೀರು ಕೊಡು! ನಾಲಿಗಿ ಹುಳಿ ಹುಳಿ ಆಗೇತಿ! ವಿಷ ಏರಾಕತ್ತೈತಿ!"

"ಏನ್ರಿ ತಿಂದ್ರಿ?"

"ಏನೂ ತಿಂದಿಲ್ಲ!" ಎಂದು ಚೀರಿ, ಸೋಫಾದ ಮೇಲೆ ಕುಸಿದು, ಸಣ್ಣ ದನಿಯಲ್ಲಿ, "ಐದು," ಎಂದರು.

ಆಗಲೇ ಹೇಳಿಬಿಡಬಹುದಿತ್ತು. ಒಂದು ಲೋಟ ಅದೇ ಮಜ್ಜಿಗೆಯನ್ನು ಮುಂದೆ ಇಟ್ಟಿದ್ದರೂ ಸಾಕಿತ್ತು. ಆದರೆ ಠರಾವಿನ ಪ್ರತಿ ಟೀಪಾಯಿಯ ಮೇಲೆ ಇನ್ನೂ ಹಾಗೆಯೇ ಬಿದ್ದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು, "ನಡೀರಿ, ದವಾಖಾನಿಗೆ ಹೋಗೂಣು," ಎಂದೆ.

ಡಾಕ್ಟರ್ ನಿಜಾಮುದ್ದೀನರ ದವಾಖಾನೆ ನಮ್ಮ ಓಣಿಯ ತುದಿಯಲ್ಲೇ ಇದೆ. ಸಾಮಾನ್ಯವಾಗಿ ಎಂಟು ಗಂಟೆಗೆ ಅಲ್ಲಿ ಬೆಕ್ಕು ಬಿಟ್ಟರೆ ಯಾರೂ ಇರುವುದಿಲ್ಲ. ಅಂದು ಬೆಂಚುಗಳೆಲ್ಲ ತುಂಬಿದ್ದವು. ಕಾಲನಿಯ ಏಳು ಮಂದಿ ಹಿರಿಯರು ಒಬ್ಬರ ಮುಖ ಒಬ್ಬರು ನೋಡದೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು.

"ಏನ್ರಿ ಮಾಸ್ತರ, ಮುಂಜಾನೆದ್ದು?" ಎಂದು ಇವರು ಕೇಳಿದರು.

"ಏನಿಲ್ರಿ, ಕಿವಿ ಸ್ವಲ್ಪ ಗುಂಯ್ ಅಂತದ," ಎಂದರು ಮಾಸ್ತರು, ಹೊಟ್ಟೆ ಹಿಡಿದುಕೊಂಡು. "ನೀವು?"

"ಮೊಣಕಾಲು," ಎಂದರು ಇವರು, ಬಾಯಿಗೆ ಕರವಸ್ತ್ರ ಒತ್ತಿಕೊಂಡು.

ಕುಮಾರಸ್ವಾಮಿಯವರು ಬೆವರುತ್ತಿದ್ದರು. ತಾವು ಬಿ.ಪಿ. ನೋಡಿಸಲು ಬಂದದ್ದೆಂದು ಯಾರೂ ಕೇಳದಿದ್ದರೂ ಮೂರು ಸಲ ಹೇಳಿದರು. ಲಕ್ಷ ಪತ್ರಿಯ ಪೂಜೆ ನಿನ್ನೆಗೆ ಮುಗಿದು, ಇವತ್ತು ಬೆಳಿಗ್ಗೆ ಹರಿದ ಪತ್ರಿ ಹಾಕಿದ ಕೊನೆಯ ಅಭಿಷೇಕದ ತೀರ್ಥವನ್ನು ಮನೆಮಂದಿಗೆಲ್ಲ ತಾವೇ ಹಂಚಿ, ಉಳಿದದ್ದನ್ನು ತಂಬಿಗೆಗಟ್ಟಲೆ ಕುಡಿದಿದ್ದರಂತೆ. ಪುಣ್ಯ ವ್ಯರ್ಥವಾಗಬಾರದು ನೋಡಿ.

ಡಾಕ್ಟರು ಒಬ್ಬೊಬ್ಬರನ್ನೇ ಕರೆದರು. ಕಿವಿ ನೋಡಿದರು, ಏನಿಲ್ಲ. ಮೊಣಕಾಲು ಬಡಿದರು, ಏನಿಲ್ಲ. ಆದರೆ ಎಲ್ಲರೂ ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಪ್ರಶ್ನೆ: "ಡಾಕ್ಟ್ರ, ಸುಮ್ನ ಕೇಳ್ತೇನಿ, ಯಾರಾದ್ರೂ ತಪ್ಪಿ ಗಿಡದ ಔಷಧ ಹೊಟ್ಯಾಗ ಹ್ವಾದ್ರ ಎಷ್ಟು ತಾಸು ಇರ್ತಾರ?"

ನಾಲ್ಕನೆಯವರ ಹೊತ್ತಿಗೆ ಡಾಕ್ಟರರ ತಾಳ್ಮೆ ಮುಗಿಯಿತು. ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟರು.

"ಏನು ತಿಂದೀರಿ ಹೇಳ್ರಿ ಖರೇ ಖರೇ. ಊರಾಗ ಒಬ್ಬರಿಗೂ ಏನೂ ಇಲ್ಲ, ನಿಮ್ಮ ಕಾಲನಿಗಷ್ಟ ಏನು ಬ್ಯಾನಿ?"

ಆಗ ಮೂಲೆಯಿಂದ ಶಿವಬಸವ್ವ ಕೋಲೂರಿ ಎದ್ದಳು.

"ನಾ ಔಷಧ ಹೊಡದ ಪತ್ರಿ ತಿಂದೇನೋ ಯಪ್ಪಾ. ಪೂಜಿ ಮುಗಿಸಿ ಪ್ರಸಾದ ಅಂತ ಬಾಯಾಗ ಹಾಕ್ಕೊಂಡ್ನಿ. ಬೋರ್ಡ ಓದಾಕ ನನಗ ಬರೂದಿಲ್ಲ, ಆಮ್ಯಾಲೆ ಮಂದಿ ಹೇಳಿದ್ರು. ಇವರಿಗೆಲ್ಲಾ ಬರತೈತಿ. ಇವರ್ಯಾಕ ತಿಂದ್ರು ಅಂತ ಇವರ್ನಽ ಕೇಳು."

ಕ್ಯಾಲೆಂಡರ್ ನೋಡುತ್ತಿದ್ದ ತಲೆಗಳು ನೆಲಕ್ಕೆ ಇಳಿದವು. ಡಾಕ್ಟರು ಇಂದುವನ್ನು ಕರೆಸಿದರು.

ಅವಳು ಬಂದು ಬಾಗಿಲಲ್ಲಿ ನಿಂತು ಬೆಂಚಿನಿಂದ ಬೆಂಚಿಗೆ ನಿಧಾನವಾಗಿ ನೋಡಿದಳು. ಖಂಡನೆಯ ಠರಾವಿಗೆ ಕೈ ಎತ್ತಿದವರೆಲ್ಲ ಹಾಜರಿದ್ದರು. ಕೊನೆಗೆ ಅಜ್ಜನ ಮುಖ ನೋಡಿದಳು. ಅಜ್ಜ ಕಿವಿ ಮುಟ್ಟಿಕೊಂಡು, "ಗುಂಯ್ ಅಂತದ," ಎಂದರು.

"ತಂಗಿ, ಯಾವ ಔಷಧ ಹೊಡದೀ?" ಎಂದು ಕೇಳಿದರು ಡಾಕ್ಟರು.

"ಬರದು ಕೊಡ್ತೇನ್ರಿ," ಎಂದು ಅವಳು ಚೀಟಿಯ ಮೇಲೆ ಒಂದೇ ಶಬ್ದ ಬರೆದು ಕೊಟ್ಟಳು.

ಡಾಕ್ಟರು ಓದಿದರು. ಚಾಳೀಸು ತೆಗೆದು ಗಾಜು ಒರೆಸಿಕೊಂಡರು. ಫ್ಯಾನಿನ ಕಡೆ ನೋಡಿದರು. ಮತ್ತೊಮ್ಮೆ ಓದಿದರು.

"ಎಷ್ಟು ದಿನದ್ದು?"

"ಮೂರು ದಿನದ್ದು ಸರ್."

"ಅಯ್ಯಯ್ಯೋ," ಎಂದರು ಡಾಕ್ಟರು ಗಂಭೀರವಾಗಿ, "ಹಂಗಾರ ಭಾಳ ಜೋರು ಇರತೈತಿ."

ಮಾಸ್ತರು ವಿಷ್ಣುಸಹಸ್ರನಾಮ ಶುರು ಮಾಡಿದರು. ನಮ್ಮವರು ನನ್ನ ಕೈ ಹಿಡಿದುಕೊಂಡು, "ಸಮಿತಿ ಕಾಗದಪತ್ರ ಟ್ರಂಕಿನ್ಯಾಗ ಅದಾವ," ಎಂದರು.

"ನೋಡ್ರಿ," ಎಂದರು ಡಾಕ್ಟರು, "ಎಷ್ಟು ಎಲಿ, ಎಷ್ಟು ದಿನದಿಂದ, ಯಾವ ಗಿಡದ್ದು. ಅದು ತಿಳೀದ ನಾ ಏನೂ ಮಾಡಾಕ ಬರೂದಿಲ್ಲ. ಮುಚ್ಚಿಟ್ರ ನಿಮ್ಮ ಜೀವಕ್ಕ ನೀವಽ ಜವಾಬ್ದಾರಿ."

ಅಂಥ ಸತ್ಯದ ಪ್ರವಾಹವನ್ನು ನಾನು ಯಾವ ಮಠದಲ್ಲೂ ಕಂಡಿಲ್ಲ. ಶ್ರಾವಣದ ಮೊದಲ ದಿನದಿಂದ ಹಿಡಿದು ಎಲ್ಲ ಹೊರಗೆ ಬಂತು. ಮೂರನೆಯ ಗಿಡ, ದಿನಾ ಹನ್ನೊಂದು. ಏಳನೆಯ ಗಿಡ, ಕೊಂಬೆ ಸಮೇತ. "ಒಂಬತ್ತನೇದು ಪೂರಾ ನಂದು," ಎಂದರು ಒಬ್ಬರು. "ಅದ್ಹೆಂಗ ನಿಮ್ಮದಾಗತೈತಿ? ಅದರಾಗ ಅರ್ಧ ನಾ ಹರದೇನಿ," ಎಂದು ಇನ್ನೊಬ್ಬರು ಜಗಳಕ್ಕೇ ನಿಂತರು, ಸಾಯುವುದರಲ್ಲೂ ಪಾಲು ಬಿಡಲಾರರು. ಕುಮಾರಸ್ವಾಮಿಯವರು ಮೆಲ್ಲಗೆ ಎಂಟು ಗಿಡಗಳನ್ನು ಒಪ್ಪಿಕೊಂಡರು. ಡಾಕ್ಟರು ಹುಬ್ಬೇರಿಸಿದಾಗ ಹತ್ತು ಮಾಡಿದರು. ನಮ್ಮವರು ಎದ್ದು ನಿಂತು, "ಅಧ್ಯಕ್ಷನಾಗಿ ನಾನು ಯಾವ ಗಿಡಕ್ಕೂ ಭೇದ ಮಾಡಿಲ್ಲ," ಎಂದರು.

ಇಂದುವಿನ ಕಣ್ಣಲ್ಲಿ ನೀರು ಬಂದಿತ್ತು. ನಗುವಿಗೆ ಬಂದ ನೀರೆಂದು ಮೊದಲು ತಿಳಿದೆ. ಪೂರ್ತಿ ಹಾಗಿರಲಿಲ್ಲ.

ಡಾಕ್ಟರು ಎಂಟೂ ಮಂದಿ ಹಿರಿಯರಿಗೆ ಚೀಟಿ ಬರೆದರು. ಶಿವಬಸವ್ವನಿಗೆ ಮಾತ್ರ, "ನಿನಗೇನೂ ಆಗೂದಿಲ್ಲ ಯವ್ವಾ, ನೀ ನೀರು ಹಾಕಿ ತಿಂದೀ," ಎಂದು ಕಳಿಸಿದರು. ಉಳಿದವರದ್ದು ಹೀಗಿತ್ತು: ಪತ್ರಿ ಅಗಿಯುವುದು ಬಂದ್, ಗುಳಿಗೆ ಇದ್ದವರು ಪೂರ್ತಿ ಗುಳಿಗೆ, ಸಿಹಿ ಬಂದ್, ದಿನಾ ಬೆಳಿಗ್ಗೆ ಆರಕ್ಕೆ ತಾವು ಎಲೆ ತಿಂದ ಗಿಡಗಳಿಗೆ ತಮ್ಮ ಕೈಯಾರೆ ನೀರು ಹೊತ್ತು ಹಾಕಬೇಕು, ಬುಡದ ಕಳೆ ಬಾಗಿ ಕೀಳಬೇಕು. ನಲವತ್ತೊಂದು ದಿನ.

"ಗಿಡಕ್ಕ ನೀರು ಹಾಕಿದ್ರ ನಮ್ಮ ಹೊಟ್ಟಿ ಹೆಂಗ ಶುದ್ಧ ಆಗತೈತ್ರಿ?" ಎಂದು ಕುಮಾರಸ್ವಾಮಿ ಅನುಮಾನಿಸಿದರು.

"ಬೆವರಿನ್ಯಾಗ ಹೋಗತೈತಿ," ಎಂದರು ಡಾಕ್ಟರು. "ಹತ್ತು ವರ್ಷದಿಂದ ನಿಮಗೆಲ್ಲಾ ಮೈ ಬಗ್ಗಿಸ್ರಿ ಅಂತ ಹೇಳಾಕತ್ತೇನಿ. ಒಬ್ಬರಾದ್ರೂ ಕೇಳಿರೇನು? ಈಗ ಕೇಳ್ರಿ."

ಹೀಗೆ ನಮ್ಮ ಕಾಲನಿಯಲ್ಲಿ ಯುವಶಕ್ತಿ ಜಾಗೃತವಾಯಿತು. ಸರಾಸರಿ ವಯಸ್ಸು ಅರವತ್ತಮೂರು.

ದಿನಾ ಆರು ಗಂಟೆಗೆ ಎಂಟು ಹಿರಿಯರು ಕೊಡ ಹಿಡಿದು ಸಾಲಾಗಿ ಹೊರಡುತ್ತಿದ್ದರು. ಹತ್ತು ಗಿಡದ ಹೊಣೆ ಹೊತ್ತ ಕುಮಾರಸ್ವಾಮಿಯವರು ಮೂರನೆಯ ದಿನಕ್ಕೆ ಮನೆಯ ಆಳನ್ನು ಕಳಿಸಿದರು. ಇಂದು ಬಹಳ ಕಾಳಜಿಯಿಂದ, "ಮಾಮಾ, ಬೆವರು ಆಳಿಂದು ಹೊಂಟದ. ನಿಮ್ಮ ಹೊಟ್ಟ್ಯಾಗಿಂದು ಅಲ್ಲೇ ಉಳೀತದಲ್ರಿ," ಎಂದಳು. ನಾಲ್ಕನೆಯ ದಿನ ಅವರೇ ಬಂದರು, ಎರಡೂ ಕೈಯಲ್ಲಿ ಕೊಡ. ಒಂದು ಬೆಳಿಗ್ಗೆ ಧೋ ಎಂದು ಮಳೆ ಸುರಿಯಿತು. ಕಿಟಕಿಯಿಂದ ನೋಡಿದೆ: ನಮ್ಮವರು ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ಕೊಡ ಹಿಡಿದು, ಸುರಿಯುವ ಮಳೆಯಲ್ಲಿ ಗಿಡಕ್ಕೆ ನೀರು ಹಾಕುತ್ತಿದ್ದರು. ಹಾಕಿದ ನೀರಿನಲ್ಲಿ ಅಂತಃಕರಣ ಇರುತ್ತದೆ.

ಹುಡುಗರು ವಾರಕ್ಕೊಮ್ಮೆ ಮಜ್ಜಿಗೆ ಹೊಡೆದರು, ಗೊಬ್ಬರ ಕೊಟ್ಟರು, ಒಣಗಿದ ತುದಿ ಕತ್ತರಿಸಿದರು. ಉಳಿದ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು, "ಅಲ್ರಿ ಕಾಕಾ, ಬುಡಕ್ಕ ಹಾಕ್ರಿ, ಕಾಂಡಕ್ಕ ಅಲ್ಲ," ಎಂದು ದಿಕ್ಕು ಕೊಟ್ಟರು. ಎಲೆ ಮುಟ್ಟುವವರು ಯಾರೂ ಇರಲಿಲ್ಲ. ಒಂದು ತಿಂಗಳಲ್ಲಿ ಕಡ್ಡಿಗಳ ಮೇಲೆ ಕೆಂಪು ಚಿಗುರು ಒಡೆಯಿತು. ಮೂರು ಗಿಡ ಸತ್ತವು. ಅವುಗಳಲ್ಲಿ ಎರಡು, ಬ್ಯಾನರಿಗಾಗಿ ಆಸರೆ ಕಳೆದುಕೊಂಡವು.

ದೀಪಾವಳಿಗೆ ಎರಡು ದಿನ ಮೊದಲು ಫಕೀರಪ್ಪ ಸಾಹೇಬರು ಬಂದರು. ಬೆಳಿಗ್ಗೆ ಆರೂವರೆ. ಇಂದುವೇ ಆ ವೇಳೆ ಹೇಳಿದ್ದಳು. ಸಾಹೇಬರು ಒಂದೊಂದೇ ಗಿಡ ಮುಟ್ಟಿ ನೋಡಿ, "ಹದಿನೇಳು," ಎಂದರು. ಇಂದುವಿನ ಮುಷ್ಟಿ ಆಗ ಸಡಿಲಾಯಿತು. "ಪಟ್ಟಿ ಗಿಡಗಳಿಗೆ ಉಳೀತು. ಭಾಳ ಛಲೋ. ಇದನ್ನ ಯಾರು ಜ್ವಾಕಿ ಮಾಡ್ಯಾರ, ಅವರದ್ದೊಂದು ಫೋಟೋ ಬೇಕು. ಯುವಕರ ಯೋಜನೆ ಅಂತ ಪೇಪರಿಗೆ ಕೊಡ್ತೇವಿ."

ಹಿರಿಯರು ಕೊಡಗಳ ಸಮೇತ ಮುಂದೆ ಬಂದರು. ನಮ್ಮವರು ನಡುವೆ ನಿಂತರು. ಕುಮಾರಸ್ವಾಮಿಯವರು ತಮ್ಮ ಹತ್ತು ಗಿಡಗಳ ಪೈಕಿ ಎತ್ತರದ್ದನ್ನು ಹುಡುಕಿ ಅದರ ಹೆಗಲ ಮೇಲೆ ಕೈಯಿಡಲು ಹೋಗಿ ಮುಳ್ಳು ಚುಚ್ಚಿಸಿಕೊಂಡರು.

"ತಂಗಿ, ಸ್ವಲ್ಪ ಆಕಡೆ ಸರೀರಿ ನೀವೆಲ್ಲಾ," ಎಂದು ನಮ್ಮವರು ಇಂದುವಿಗೆ ಹೇಳಿದರು. "ನಿಮ್ಮ ನೆರಳು ಫೋಟೋದಾಗ ಬೀಳಾಕತ್ತೈತಿ."

ಮೂರನೆಯ ದಿನ ಪೇಪರಿನಲ್ಲಿ ಬಂತು. ಎಂಟು ಬಿಳಿ ತಲೆಗಳು, ಎಂಟು ಕೊಡಗಳು. ಕೆಳಗೆ: "ಗಿಡಗಳನ್ನು ಪಾಲಿಸಿ ಬೆಳೆಸಿದ ಕಾಲನಿಯ ಯುವಕರು." ನಮ್ಮವರು ಅದನ್ನು ಕತ್ತರಿಸಿ, ಕಟ್ಟು ಹಾಕಿಸಿ, ಪಡಸಾಲೆಯಲ್ಲಿ ಮಾವನವರ ಫೋಟೋದ ಪಕ್ಕದಲ್ಲಿ ತೂಗುಹಾಕಿದರು.

ನಲವತ್ತೊಂದು ದಿನ ಆಗಲೇ ಮುಗಿದಿದ್ದವು; ವಿಷ ಪೂರ್ತಿ ಇಳಿದಿರಲಿಕ್ಕಿಲ್ಲವೆಂಬ ಭಯಕ್ಕೆ ಹಿರಿಯರು ಕೊಡ ಬಿಟ್ಟಿರಲಿಲ್ಲ. "ನೋಡು, ಎಲಿ ತಿಂದ ಆ ಮಂದಿಗೆ ಏನೂ ಆಗಲಿಲ್ಲ, ನನಗೂ ಏನೂ ಆಗಲಿಲ್ಲ," ಎಂದರು ಇವರು. "ಪೇಪರಿನ್ಯಾಗನೂ ಬಂತು. ಇನ್ನ ಗಿಡದ ಕೆಲಸ ಹುಡುಗರು ಮಾಡ್ಲಿ. ಎಲ್ಲಾ ನಾವಽ ಮಾಡಿದ್ರ ಯುವಕರು ಕಲಿಯೂದು ಯಾವಾಗ?" ಕೊಡವನ್ನು ಹಿತ್ತಲಲ್ಲಿ ಬೋರಲು ಹಾಕಿದರು.

ಮರುದಿನ ಬೆಳಿಗ್ಗೆ ಕೈ ಬೀಸಿಕೊಂಡು ವಾಕಿಂಗ್ ಹೋದರು. ಹದಿನೇಳು ಗಿಡಗಳೂ ತಳತಳನೆ ಹೊಳೆಯುತ್ತಿದ್ದವು. ಕಿಟಕಿಯಿಂದ ನೋಡುತ್ತಲೇ ಇದ್ದೆ. ಇವರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಐದು ಎಲೆ ಹರಿದು ಬಾಯಿಗೆ ಹಾಕಿಕೊಂಡರು. ಹಿಂದೆ ಬರುತ್ತಿದ್ದ ಮಾಸ್ತರರೂ ಎರಡು ಎಲೆ ಬಾಯಿಗೆ ಹಾಕಿಕೊಂಡು ಪುಸ್ತಕ ತೆರೆದರು. ಅಗಿಯುತ್ತ ಅಗಿಯುತ್ತ ಇಬ್ಬರೂ ಸಾಲಿನ ಆ ತುದಿಯವರೆಗೆ ನಡೆದು ಹಿಂದಿರುಗಿದರು.

ಅಲ್ಲಿ ಬೋರ್ಡಿಗೆ ಹೊಸ ಬಣ್ಣ ಹಚ್ಚಿದ್ದರು: "ಹೊಸ ಸರತಿಯ ಔಷಧ ನಿನ್ನೆ ಸಂಜೆ ಸಿಂಪಡಿಸಲಾಗಿದೆ."

ಹಿತ್ತಲಲ್ಲಿ ಕೊಡ ಎತ್ತಿಕೊಳ್ಳುವ ಸದ್ದಾಯಿತು. ನಾನು ಒಲೆಯ ಮೇಲಿನ ಹಾಲು ಇಳಿಸಿ, ಆರಿಸಿ, ಹೆಪ್ಪು ಎಂದಿಗಿಂತ ಒಂದು ಚಮಚ ಹೆಚ್ಚೇ ಹಾಕಿದೆ.